ನಾಲ್ಕನೇ ಗೂಟದ ಗೋಡು

ಮಡುವಿನಹುಂಡಿಯ ಮೆಟ್ಟಿಲಿನಿಂದ ಕಪಿಲೆಗೆ ಇಳಿಯುವವರು ಎಡಕ್ಕೂ ಹೋಗುತ್ತಾರೆ, ಬಲಕ್ಕೂ ಹೋಗುತ್ತಾರೆ. ಗುರುಮಲ್ಲಮ್ಮ ಎಡಕ್ಕೆ ಹೋಗುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಹೋಗಿರಲಿಲ್ಲ. ಬಲಕ್ಕೆ ಆರು ಹೆಜ್ಜೆ ಇಟ್ಟರೆ ಬಟ್ಟೆ ಒಗೆಯುವ ಕಲ್ಲು. ಅಲ್ಲಿಗೆ ಅವಳ ಹೊಳೆ ಮುಗಿಯಿತು. ಎಡಕ್ಕೆ ಒಂದು ಹೊಂಗೆ ಮರ, ಅದರ ಬೇರು ನೀರಿನ ತನಕ ಇಳಿದಿದೆ. ಬೇರಿನ ಮುಂದೆ ಒಂದು ತಗ್ಗು. ಬೇಸಗೆಯಲ್ಲಿ ಹೊಳೆ ಸರಿದಾಗ ಆ ತಗ್ಗಿನಲ್ಲಿ ಗೋಡು ನಿಲ್ಲುತ್ತದೆ. ಗೋಡು ಅಂದರೆ ಹೊಳೆ ತಂದು ಬಿಟ್ಟ ನುಣ್ಣನೆಯ ಮಣ್ಣು, ಕಾಲಿಟ್ಟರೆ ಮೊಣಕಾಲಿನ ತನಕ ಎಳೆದುಕೊಳ್ಳುವಂಥದು. ಅದರ ಅಂಚಿನಲ್ಲಿ ಹೊನಗೊನ್ನೆ ಸೊಪ್ಪು ದಟ್ಟವಾಗಿ ಬೆಳೆಯುತ್ತದೆ. ಊರಿನ ಹೆಂಗಸರು ಮಡಿಲು ತುಂಬಾ ಕಿತ್ತುಕೊಂಡು ಹೋಗಿ ಬಸ್ಸಾರು ಮಾಡುತ್ತಾರೆ. ಗುರುಮಲ್ಲಮ್ಮನ ಮನೆಯಲ್ಲಿ ಮಾತ್ರ ಆ ಸೊಪ್ಪು ಒಲೆ ಏರಿದ್ದಿಲ್ಲ. ಓರಗಿತ್ತಿ ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಸಲ ತಿಳಿಯದೆ ತಂದಿದ್ದಳು. ಗುರುಮಲ್ಲಮ್ಮ ಸೊಪ್ಪನ್ನು ಹಾಗೇ ಎತ್ತಿಕೊಂಡು ಹೋಗಿ ಹೊಳೆಗೆ ಬಿಟ್ಟು ಬಂದಳು. ಆಮೇಲೆ ಸೊಪ್ಪಿಟ್ಟಿದ್ದ ಮೊರವನ್ನೂ ತೊಳೆದಳು.

ಆ ತಗ್ಗಿನಲ್ಲಿ ಅವಳ ಗಂಡ ಇದ್ದಾನೆ ಎಂದು ಅವಳು ತಿಳಿದಿದ್ದಳು.

ಗುರುಮಲ್ಲಮ್ಮ ದೇವನೂರಿನ ಹುಡುಗಿ. ಎರಡನೇ ತರಗತಿಗೆ ಶಾಲೆ ಬಿಟ್ಟವಳು. ತನ್ನ ಹೆಸರು ಬರೆಯಲು ಬರುತ್ತಿತ್ತು, ಅಂಕಿ ಬರೆಯಲು ಬರುತ್ತಿತ್ತು, ಉಳಿದದ್ದಕ್ಕೆ ಅಕ್ಷರ ಬೇಕಾಗಲಿಲ್ಲ. ಹದಿನೇಳಕ್ಕೆ ಮದುವೆಯಾಗಿ ಈ ಊರಿಗೆ ಬಂದಳು. ಗಂಡ ಸಿದ್ದಮಲ್ಲಪ್ಪನಿಗೆ ಮೂರು ಎಮ್ಮೆ, ಎರಡು ಎಕರೆ ಗದ್ದೆ, ಎದೆಯ ಮೇಲೆ ಬೆಳ್ಳಿ ಕರಡಿಗೆಯಲ್ಲಿ ಲಿಂಗ. ಮಕ್ಕಳಾಗಲಿಲ್ಲ. ಕೈಯ ಅಳತೆ ಅವಳದು ತಪ್ಪುತ್ತಿರಲಿಲ್ಲ. ಮುದ್ದೆ ಕಟ್ಟಿದರೆ ಐದೂ ಒಂದೇ ತೂಕ. ಡೈರಿಗೆ ಹಾಲು ಹಾಕುವಾಗ ಅವಳ ಕ್ಯಾನಿಗೆ ಯಾರೂ ಅಳತೆ ಕಡ್ಡಿ ಹಾಕಿ ನೋಡುತ್ತಿರಲಿಲ್ಲ.

ಅವಳಿಗೆ ಮೂವತ್ತೆಂಟು ಇದ್ದಾಗ, ಒಂದು ಆಷಾಢದ ಬೆಳಗ್ಗೆ, ಸಿದ್ದಮಲ್ಲಪ್ಪ ಎಮ್ಮೆಗಳ ಮೈ ತೊಳೆಯಲು ಹೊಳೆಗೆ ಹೋದನು. ಮೇಲೆ ಅಣೆಕಟ್ಟಿನಲ್ಲಿ ನೀರು ಬಿಟ್ಟಿದ್ದರು. ಎಮ್ಮೆಕರುವೊಂದು ಸೆಳವಿಗೆ ಸಿಕ್ಕಿತು, ಅದನ್ನು ಹಿಡಿಯಲು ಇವನು ಮುಂದೆ ಹೋದನು. ಕರು ಎರಡು ಫರ್ಲಾಂಗು ಕೆಳಗೆ ತಾನೇ ದಡ ಹತ್ತಿ, ಮೈ ಒದರಿಕೊಂಡು, ಮನೆಗೆ ಬಂತು. ಇವನು ಬರಲಿಲ್ಲ. ಹರಿಗೋಲಿನ ದೊಡ್ಡಸಿದ್ದಯ್ಯ ಕೊಕ್ಕೆ ಹಾಕಿ ಮೂರು ದಿನ ಹುಡುಕಿದನು. ಮೂರನೆಯ ದಿನ ಹೊಂಗೆಯ ಬೇರಿಗೆ ಸುತ್ತಿಕೊಂಡಿದ್ದ ಟವಲು ಸಿಕ್ಕಿತು. ಅದರ ಒಂದು ತುದಿಯಲ್ಲಿ ಕಟ್ಟಿದ್ದ ಎಲೆಅಡಿಕೆಯ ಗಂಟು ಬಿಚ್ಚಿರಲಿಲ್ಲ. ಅಷ್ಟೇ.

ಅವರಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಗುಂಡಿಯಲ್ಲಿ ಕೂರಿಸಿ, ಎದೆಯ ಲಿಂಗವನ್ನು ಬಿಚ್ಚಿ ಅಂಗೈಯಲ್ಲಿಟ್ಟು, ವಿಭೂತಿ ಪತ್ರೆ ತುಂಬಿ, ಮಣ್ಣು ಮುಚ್ಚುತ್ತಾರೆ. ಹೊಲದ ಹುಣಸೆಮರದ ಕೆಳಗೆ ಅತ್ತೆ ಮಾವನ ಗದ್ದುಗೆಗಳಿವೆ. ಅತ್ತೆಯ ಪಕ್ಕದಲ್ಲಿ ಗುಂಡಿ ತೆಗೆದಾಗಿತ್ತು. ಮಠದ ಅಯ್ಯನವರು ಬಂದು, ದೇಹ ಸಿಗದಿದ್ದರೆ ಟವಲನ್ನೇ ಇಟ್ಟು ಮಣ್ಣು ಕೊಡಬಹುದು ಅಂದರು. ಗುರುಮಲ್ಲಮ್ಮ ಟವಲು ಕೊಡಲಿಲ್ಲ. ಬಟ್ಟೆ ಅವರಲ್ಲ ಅಂದಳು. ಹಿರಿಯರು ಎರಡು ದಿನ ಕಾದು, ತೆಗೆದ ಮಣ್ಣನ್ನು ಬರಿಗುಂಡಿಗೆ ಹಾಗೇ ಎಳೆದರು. ಆ ಜಾಗ ಪ್ರತಿ ಮಳೆಗೂ ಬೆರಳುದ್ದ ಕುಸಿಯುತ್ತದೆ. ಮಾರ್ಲಮಿ ಅಮಾವಾಸ್ಯೆಯ ದಿನ ಎಲ್ಲರೂ ಗದ್ದುಗೆಗೆ ಎಡೆ ಇಟ್ಟರೆ, ಇವಳು ಒಂದು ಎಲೆಯನ್ನು ಬೇರೆ ಕಟ್ಟಿಕೊಂಡು ಹೊಳೆಯ ಮೇಲಿನ ಮೆಟ್ಟಿಲಿನಲ್ಲಿ ಎಡಕ್ಕೆ ಮುಖ ಮಾಡಿ ಇಡುತ್ತಿದ್ದಳು.

ಮನೆಯಲ್ಲಿ ಮೈದುನ ಪುಟ್ಟಬಸವಯ್ಯ, ಓರಗಿತ್ತಿ, ಅವರ ಮಕ್ಕಳು. ಯಾರೂ ಅವಳನ್ನು ಒಂದು ಮಾತು ಅಂದವರಲ್ಲ. ಆದರೆ ಸಂಜೆ ಹಂಡೆಗೆ ನೀರು ಹಾಕುವಾಗ ಅವಳು ಒಂದು ಚೊಂಬು ಹೆಚ್ಚಿಗೆ ಹಾಕುತ್ತಿದ್ದಳು. ಎಮ್ಮೆ ಕಟ್ಟಿ ಬಂದವನ ಕೈಕಾಲಿಗೆ ಬೇಕಾಗುವಷ್ಟು. ಹಾಕಬೇಕು ಎಂದುಕೊಂಡು ಹಾಕುತ್ತಿರಲಿಲ್ಲ, ಕೈ ತಾನೇ ಹಾಕುತ್ತಿತ್ತು. ಆ ನೀರು ಕಾಯುತ್ತಿತ್ತು, ಆರುತ್ತಿತ್ತು, ಬೆಳಗ್ಗೆ ಬಾಳೆಯ ಬುಡಕ್ಕೆ ಹೋಗುತ್ತಿತ್ತು.

ಹೋದ ಕಾರ್ತಿಕದಲ್ಲಿ ಮಧುಶ್ರೀ ಎಂಬ ಹುಡುಗಿ ಮೈಸೂರಿನಿಂದ ಬಂದಳು. ಯೂನಿವರ್ಸಿಟಿಯಲ್ಲಿ ದೊಡ್ಡ ಓದು ಓದುತ್ತಿದ್ದವಳು. ಅವಳು ಓದುತ್ತಿದ್ದದ್ದು ಕೆಸರನ್ನು. ಇದಕ್ಕೆ ಮೊದಲು ಎರಡು ವರ್ಷ ಕುಮಟೆಯ ಕಡೆ, ಸಮುದ್ರಕ್ಕೆ ನದಿ ಸೇರುವ ಅಳಿವೆಯಲ್ಲಿ ಇದ್ದಳಂತೆ. ಅಲ್ಲಿ ದಿನಕ್ಕೆ ಎರಡು ಸಲ ಸಮುದ್ರ ಉಬ್ಬಿ ಕೆಸರನ್ನು ಮುಚ್ಚುತ್ತದೆ, ಎರಡು ಸಲ ಇಳಿದು ಬಿಟ್ಟುಕೊಡುತ್ತದೆ. ಇಲ್ಲಿ ಸಮುದ್ರವಿಲ್ಲ, ಆದರೆ ಬೇಸಗೆಯಲ್ಲಿ ಮೇಲಿನಿಂದ ಬಿಟ್ಟ ನೀರು ಮಧ್ಯಾಹ್ನ ಕಳೆದು ಬರುತ್ತದೆ, ಹೊಳೆ ಒಂದು ಗೇಣು ಏರುತ್ತದೆ, ಬೆಳಗಾಗುವುದರೊಳಗೆ ಇಳಿದಿರುತ್ತದೆ. ಈ ಏರಿಳಿತದಲ್ಲಿ ಕೆಸರಿನ ಜೀವಗಳು ಏನು ತಿನ್ನುತ್ತವೆ, ತಿಂದದ್ದು ಎಲ್ಲಿಗೆ ಹೋಗುತ್ತದೆ, ಅದು ಅವಳ ಪ್ರಶ್ನೆ. ಕಣ್ಣಿಗೆ ಕಾಣದ ಜೀವ. ಕೈ ಇಲ್ಲ, ಕಾಲಿಲ್ಲ, ಒಂದೇ ಒಂದು ಕಣ.

ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ, ನೀರು ಇಳಿದ ಹೊತ್ತಿಗೆ ಸರಿಯಾಗಿ ಕೆಸರು ತೆಗೆದು ಕೊಡುವ ಒಬ್ಬರು ಅವಳಿಗೆ ಬೇಕಾಗಿತ್ತು. ಡೈರಿಯವರು ಗುರುಮಲ್ಲಮ್ಮನ ಹೆಸರು ಹೇಳಿದರು. ಕೆಲಸ ಸುಲಭ. ತುದಿ ಕತ್ತರಿಸಿದ ದಪ್ಪ ಸಿರಿಂಜನ್ನು ಕೆಸರಿಗೆ ಎರಡು ಬೆರಳು ಆಳ ಒತ್ತಬೇಕು, ಅಲುಗದೆ ಎಳೆಯಬೇಕು, ಮುಚ್ಚಳ ಹಾಕಿ, ಅಂಕಿ ಬರೆದ ಚೀಟಿ ಅಂಟಿಸಿ, ಐಸ್ ಡಬ್ಬದಲ್ಲಿಟ್ಟು ಮೈಸೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕು. ಎಲ್ಲಿಂದ ತೆಗೆಯಬೇಕು ಎಂದು ಮಧುಶ್ರೀ ತಾನೇ ದಡದುದ್ದಕ್ಕೂ ನಾಲ್ಕು ಬಿದಿರಿನ ಗೂಟ ನೆಟ್ಟಳು. ಒಂದು, ಎರಡು ಬಲಗಡೆ, ಒಗೆಯುವ ಕಲ್ಲಿನ ಆಚೆ. ಮೂರು ಮೆಟ್ಟಿಲಿನ ಪಕ್ಕದ ದಿಣ್ಣೆಯಲ್ಲಿ. ನಾಲ್ಕನೆಯದನ್ನು ಹಿಡಿದುಕೊಂಡು ಎಡಕ್ಕೆ ನಡೆದಳು, ಹೊಂಗೆಯ ಬೇರಿನ ಮುಂದೆ ನಿಂತಳು, ತಗ್ಗಿನ ನಡುವೆ ನೆಟ್ಟಳು.

ಗುರುಮಲ್ಲಮ್ಮ ಮೆಟ್ಟಿಲಿನ ಮೇಲೆ ನಿಂತು ನೋಡಿದಳು. ಗೂಟ ಇಳಿಯುವ ಸದ್ದು ಅವಳಿಗೆ ಕೇಳಿಸಿತು. ಹುಡುಗಿ ಕೈ ತೊಳೆದುಕೊಂಡು, ಇಲ್ಲಿ ನೀರು ನಿಲ್ಲುತ್ತದೆ, ಎಲೆ ಕೊಳೆಯುತ್ತದೆ, ಇದೇ ಮುಖ್ಯವಾದ ಜಾಗ ಅಂದಳು. ಹೂಂ ಅಂದಳು ಗುರುಮಲ್ಲಮ್ಮ.

ಮೊದಲ ಸೋಮವಾರ ಒಂದು, ಎರಡು, ಮೂರು ತೆಗೆದಳು. ನಾಲ್ಕನೆಯ ಸಿರಿಂಜು ಹಿಡಿದು ಎಡಕ್ಕೆ ತಿರುಗಿದಳು. ಹೆಜ್ಜೆ ಏಳಲಿಲ್ಲ. ಅವಳಿಗೆ ಹೆದರಿಕೆ ಇದ್ದದ್ದು ಒಂದೇ. ಕೈ ಕೆಳಗೆ ಹೋದಾಗ ಬೆರಳಿಗೆ ಬೆಳ್ಳಿ ತಗುಲಿದರೆ? ಕರಡಿಗೆಯ ಆಕಾರ ಅವಳ ಬೆರಳಿಗೆ ಗೊತ್ತು. ಇಪ್ಪತ್ತೊಂದು ವರ್ಷ ಸೋಮವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ಬೆಳಗಿದ್ದವಳು ಅವಳೇ. ಆಮೇಲೆ ಮೂರನೇ ಗೂಟದ ಹತ್ತಿರವೇ, ಮೊದಲು ತೆಗೆದ ತೂತಿನಿಂದ ಒಂದು ಗೇಣು ಆಚೆ, ನಾಲ್ಕನೆಯ ಸಿರಿಂಜನ್ನೂ ಒತ್ತಿದಳು. ಚೀಟಿಯ ಮೇಲೆ ನಾಲ್ಕು ಎಂದು ಬರೆದಳು. ಅಂಕಿ ದುಂಡಗೆ ಬಂತು.

ಗುರುವಾರವೂ ಹಾಗೇ ಆಯಿತು. ಮುಂದಿನ ಸೋಮವಾರವೂ.

ದೊಡ್ಡಸಿದ್ದಯ್ಯನಿಗೆ ಈಗ ವಯಸ್ಸಾಗಿದೆ, ಮೀನು ಹಿಡಿಯುವುದು ಕಡಿಮೆ, ಬೆಳಗ್ಗೆ ಹರಿಗೋಲಿಗೆ ತೇಪೆ ಹಾಕುತ್ತಾ ದಡದಲ್ಲೇ ಕೂತಿರುತ್ತಾನೆ. ಅವನು ಎಲ್ಲವನ್ನೂ ನೋಡುತ್ತಿದ್ದನು. ಹುಂಡಿಯ ಗೋಡು ಮೈಸೂರಿಗೆ ಬಸ್ಸಲ್ಲಿ ಓಯ್ತಾ ಅದೆ, ನಾವು ಇಲ್ಲೇ ಇದೀವಿ ಎಂದು ನಗಾಡುತ್ತಿದ್ದನು. ಒಂದು ದಿನ, ಪೋಸ್ಟು ಹಾಕುವವನಿಗೆ ನಾಕನೇ ಮನೆ ಕಂಡರೆ ಅಷ್ಟೊಂದು ಭಯವೇ ಎಂದು ಗಾಳಿಗೆ ಹೇಳಿದಂತೆ ಹೇಳಿದನು. ಗುರುಮಲ್ಲಮ್ಮ ಕೇಳಿಸದವಳಂತೆ ಡಬ್ಬದ ಮುಚ್ಚಳ ಒತ್ತಿದಳು.

ಕೆಲಸ ಮಾಡುತ್ತಾ ಮಾಡುತ್ತಾ ಅವಳಿಗೆ ಕೆಸರು ಓದಲು ಬಂತು. ಬೆಳಗ್ಗೆ ನೀರು ಇಳಿದು ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೆ ಬೂದು ಕೆಸರಿನ ಮೇಲೆ ಚಿನ್ನದ ಬಣ್ಣದ ಒಂದು ಪೊರೆ ಏಳುತ್ತಿತ್ತು, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. ಮಧ್ಯಾಹ್ನ ಕಳೆಯುತ್ತಿದ್ದಂತೆ ಅದು ಮಾಯ. ಅದು ಮಾಯವಾಗಿ ಅರ್ಧ ಗಂಟೆಗೆ ಹೊಳೆ ಏರುತ್ತಿತ್ತು. ನೀರು ಬಂದು ತೊಳೆದದ್ದಲ್ಲ. ನೀರು ಬರುವುದಕ್ಕೆ ಮೊದಲೇ ಅದು ಕೆಳಗೆ ಹೋಗಿರುತ್ತಿತ್ತು. ಇದನ್ನು ಅವಳು ಎಂಟು ಸಲ ಕೂತು ನೋಡಿದ ಮೇಲೆ ಮಧುಶ್ರೀಗೆ ಹೇಳಿದಳು.

ಮಧುಶ್ರೀಗೆ ಬಹಳ ಸಂತೋಷವಾಯಿತು. ಅವು ಲಕ್ಷಾಂತರ ಜೀವಗಳು, ಬಿಸಿಲು ತಿನ್ನಲು ಮೇಲೆ ಬರುತ್ತವೆ, ನೀರಿನ ಸೆಳವಿಗೆ ಸಿಗದಂತೆ ಹೊತ್ತು ನೋಡಿ ಕೆಳಗೆ ಇಳಿಯುತ್ತವೆ ಅಂದಳು. ಅಳಿವೆಯ ಕೆಸರನ್ನು ಒಂದು ಬೋಗುಣಿಯಲ್ಲಿ ತುಂಬಿ ಕತ್ತಲೆ ಕೋಣೆಯಲ್ಲಿಟ್ಟಿದ್ದಳಂತೆ. ಅಲ್ಲಿ ಬಿಸಿಲಿಲ್ಲ, ಸಮುದ್ರವಿಲ್ಲ. ಆದರೂ ಹೊರಗೆ ಸಮುದ್ರ ಇಳಿಯುವ ಹೊತ್ತಿಗೆ ಅವು ಮೇಲೆ ಬಂದವು, ಸಮುದ್ರ ಉಬ್ಬುವ ಹೊತ್ತಿಗೆ ಕೆಳಗೆ ಹೋದವು.

"ಎಷ್ಟು ದಿನ?" ಎಂದು ಕೇಳಿದಳು ಗುರುಮಲ್ಲಮ್ಮ.

"ಮೂರು ದಿನ, ನಾಲ್ಕು ದಿನ. ಆಮೇಲೆ ಮರೀತವೆ."

"ನಾಕು ದಿನಕ್ಕೇ ಮರ್ತ್ಬುಡ್ತವಾ," ಅಂದಳು ಅವಳು. ಅವತ್ತು ಸಂಜೆ ಹಂಡೆಯ ಮುಂದೆ ಚೊಂಬು ಹಿಡಿದು ತುಸು ಹೊತ್ತು ನಿಂತಳು. ನಿಂತು, ಹಾಕಿದಳು.

ಜ್ಯೇಷ್ಠದಲ್ಲಿ ಒಂದು ಗುರುವಾರ ಮಧುಶ್ರೀ ಅವಳನ್ನು ನರಸೀಪುರಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಕಪಿಲೆ ಕಾವೇರಿ ಸೇರುವ ಕಡೆ ಇನ್ನೆರಡು ಗೂಟ ಇದ್ದವು, ಅವನ್ನು ಹುಡುಗಿ ತಾನೇ ನೋಡಿಕೊಳ್ಳುತ್ತಿದ್ದಳು. ಸಂಗಮದ ದಡದಲ್ಲಿ ಯಾರದೋ ಬೂದಿ ಬಿಟ್ಟು ಹೋದ ಮಡಕೆಯ ಚೂರು ಕೆಸರಿಗೆ ಹತ್ತಿಕೊಂಡಿತ್ತು. ಅದರ ಪಕ್ಕದಲ್ಲೂ ಅದೇ ಚಿನ್ನದ ಪೊರೆ. ಕೆಸರು ತೆಗೆದುಕೊಂಡು ಒಂದು ಶಾಲೆಯ ಸೈನ್ಸ್ ರೂಮಿಗೆ ಹೋದರು. ಮಧುಶ್ರೀ ಗಾಜಿನ ಪಟ್ಟಿಯ ಮೇಲೆ ಒಂದು ತೊಟ್ಟು ಹಾಕಿ, ಸೂಕ್ಷ್ಮದರ್ಶಕದ ಮುಂದೆ ಅವಳನ್ನು ಕೂರಿಸಿದಳು.

ಮೊದಲು ಬರೀ ಬೆಳಕು ಕಂಡಿತು. ಆಮೇಲೆ ದೋಣಿಗಳು. ಚಿನ್ನದ ಬಣ್ಣದ, ಎರಡೂ ತುದಿ ಚೂಪಾದ ದೋಣಿಗಳು, ಹುಟ್ಟಿಲ್ಲದೆ, ಅಂಬಿಗನಿಲ್ಲದೆ ಹೋಗುತ್ತಿದ್ದವು. ಕೆಸರಿನ ಮೇಲಿನ ಪೊರೆ ಇವೇ. ಅವುಗಳ ನಡುವೆ ಗಂಜಿಯ ತಿಳಿಯಂಥದು ಒಂದು ಇತ್ತು. ಅದಕ್ಕೆ ಆಕಾರ ಇರಲಿಲ್ಲ. ಅದು ಮೆಲ್ಲಗೆ ಚೆಲ್ಲಿಕೊಂಡು ಒಂದು ದೋಣಿಯ ಎರಡೂ ಪಕ್ಕಕ್ಕೆ ಬಂತು, ಸುತ್ತಿಕೊಂಡಿತು, ಒಳಗೆ ತೆಗೆದುಕೊಂಡಿತು. ಬಾಯಿಲ್ಲ, ಹಲ್ಲಿಲ್ಲ. ಒಳಗೆ ಹೋದ ಮೇಲೂ ದೋಣಿಯ ಚಿನ್ನ ಕಾಣುತ್ತಿತ್ತು. ಗುರುಮಲ್ಲಮ್ಮ ಕಣ್ಣು ತೆಗೆಯಲಿಲ್ಲ. ಬೆನ್ನು ನೋಯುವ ತನಕ ನೋಡಿದಳು.

ಮಧುಶ್ರೀ ಪಕ್ಕದಲ್ಲಿ ನಿಂತು ಬಿಡಿಸಿ ಹೇಳಿದಳು. ಸತ್ತ ಎಲೆ, ಸತ್ತ ಮೀನು, ಏನೇ ಬಿದ್ದರೂ ಮೊದಲು ಇನ್ನೂ ಸಣ್ಣ ಬ್ಯಾಕ್ಟೀರಿಯಾಗಳು ಅದನ್ನು ಕರಗಿಸುತ್ತವೆ. ಅವುಗಳನ್ನು ಈ ಒಂಟಿ ಕಣದ ಜೀವಗಳು ತಿನ್ನುತ್ತವೆ. ತಿಂದು ಬಿಟ್ಟದ್ದು ಉಪ್ಪಾಗಿ, ಸಾರವಾಗಿ ನೀರಿಗೆ ಬರುತ್ತದೆ. ಅದನ್ನು ದೋಣಿಗಳು ಹೀರುತ್ತವೆ, ಹೊನಗೊನ್ನೆಯ ಬೇರೂ ಹೀರುತ್ತದೆ. ದೋಣಿಯನ್ನು ಗೊದ್ದ ಮೀನು ತಿನ್ನುತ್ತದೆ, ಗೊದ್ದವನ್ನು ಕೊಕ್ಕರೆ ತಿನ್ನುತ್ತದೆ. ಇವು ತಿನ್ನದೆ ಹೋದರೆ ಸತ್ತದ್ದೆಲ್ಲ ಸತ್ತ ಹಾಗೇ ಬಿದ್ದಿರುತ್ತದೆ, ಹೊಳೆಯಲ್ಲಿ ಹೊಸದು ಒಂದೂ ಹುಟ್ಟುವುದಿಲ್ಲ ಅಂದಳು.

ಗುರುಮಲ್ಲಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನೋಡಿ ನೋಡಿ ನೀರು ಬಂದಿತ್ತು.

"ಒಂದ್ ಎಮ್ಮೆ ಬಿದ್ದು ಸತ್ತದೆ ಅಂತಿಟ್ಕ. ಗೋಡ್ನಲ್ಲಿ. ಎಷ್ಟ್ ದಿನಕ್ಕೆ ಇಲ್ದಂಗಾದದು?"

"ಮಾಂಸ ಒಂದು ಮಳೆಗಾಲಕ್ಕೆ ಹೋಗುತ್ತೆ ಅಮ್ಮ. ಮೊದಲು ಮೀನು, ಏಡಿ. ಉಳಿದದ್ದಕ್ಕೆ ಇವು. ಮೂಳೆಗೆ ವರ್ಷಗಳೇ ಬೇಕು."

"ಅತ್ತೊಂಬತ್ತು ವರ್ಸ ಸಾಕಾ?"

ಮಧುಶ್ರೀ ನಕ್ಕಳು. "ಅಷ್ಟು ಲೆಕ್ಕ ಇಟ್ಟಿರೋ ಎಮ್ಮೆ ಯಾವುದಮ್ಮ ಅದು?"

"ಕಲ್ಲು?"

"ಕಲ್ಲನ್ನ ಯಾರೂ ತಿನ್ನಲ್ಲ. ಎಮ್ಮೆಗೆಲ್ಲಿಂದ ಬಂತು ಕಲ್ಲು?"

ಬಸ್ಸಿಗೆ ಹೊತ್ತಾಯಿತು ಅಂದಳು ಗುರುಮಲ್ಲಮ್ಮ.

ಬಸ್ಸಿನಲ್ಲಿ ಕೂತ ಮೇಲೆ ಮಧುಶ್ರೀ ತನ್ನ ತೊಂದರೆ ಹೇಳಿಕೊಂಡಳು. ನಾಲ್ಕನೇ ಗೂಟದ ಕೆಸರು ಎಂಟು ತಿಂಗಳಿಂದ ಮೂರನೆಯದರ ಅವಳಿಜವಳಿಯಂತೆ ಬರುತ್ತಿದೆ. ದಿಣ್ಣೆಗೂ ತಗ್ಗಿಗೂ ವ್ಯತ್ಯಾಸವೇ ಇಲ್ಲ. ತಗ್ಗಿನಲ್ಲಿ ಎಲೆ ಕೊಳೆಯುತ್ತದೆ, ನೀರು ನಿಲ್ಲುತ್ತದೆ, ತಿನ್ನುವ ಜೀವ ಎರಡರಷ್ಟಾದರೂ ಇರಬೇಕು. ಅವಳ ಮೇಷ್ಟ್ರು ಕೆಸರು ತೆಗೆಯುವುದರಲ್ಲೇ ಏನೋ ತಪ್ಪಿದೆ ಅಂದರಂತೆ. ಇನ್ನು ಎರಡು ವಾರ ಮಾತ್ರ. ಆಷಾಢ ಬಂದರೆ ಮೇಲೆ ಗೇಟು ಎತ್ತುತ್ತಾರೆ, ಗೂಟಗಳು ಮುಳುಗುತ್ತವೆ. ಅಷ್ಟರಲ್ಲಿ ಬೇರೆ ಕಾರಣ ಸಿಗದಿದ್ದರೆ, ನೀರು ನಿಂತರೂ ಹರಿದರೂ ಕೆಸರಿಗೆ ಒಂದೇ ಎಂದು ಅವಳು ಬರೆಯಬೇಕು. ನಾಲ್ಕು ವರ್ಷದ ಓದು ಆ ಮಾತಿನ ಮೇಲೆ ನಿಲ್ಲುತ್ತದೆ.

"ಮೇಷ್ಟ್ರಿಗೆ ಹೇಳಿಬಿಟ್ಟೆ," ಅಂದಳು ಮಧುಶ್ರೀ. "ಏನು ಬೇಕಾದ್ರೂ ತಪ್ಪಿರಬಹುದು ಸಾರ್, ಅಮ್ಮ ತೆಗೆದದ್ದು ತಪ್ಪಲ್ಲ ಅಂತ."

ಗುರುಮಲ್ಲಮ್ಮ ಕಿಟಕಿಯ ಕಡೆ ತಿರುಗಿದಳು.

ಸೋಮವಾರ ಮಧುಶ್ರೀಯೂ ಬರುತ್ತೇನೆ ಅಂದಿದ್ದಳು. ನಡುವೆ ಮೂರು ದಿನ. ಆ ಮೂರು ದಿನ ಗುರುಮಲ್ಲಮ್ಮನ ಕೈಗೆ ಅಳತೆ ಸಿಗಲಿಲ್ಲ. ಒಂದು ಮುದ್ದೆ ದೊಡ್ಡದಾಯಿತು, ಒಂದು ಸಣ್ಣದಾಯಿತು. ಓರಗಿತ್ತಿ, ಮೈ ಸರಿ ಇಲ್ಲವೇ ಅಕ್ಕ ಎಂದು ಕೇಳಿದಳು. ಮೈ ಸರಿಯಾಗೇ ಇತ್ತು. ಹುಡುಗಿಯ ಓದು ಉಳಿಯಬೇಕಾದರೆ ತಾನು ಆ ತಗ್ಗಿಗೆ ಕೈ ಹಾಕಬೇಕು. ಹಾಕಿದರೆ ಗಂಡನ ಮೇಲೆ ಕೈ ಹಾಕಿದ ಹಾಗೆ. ಹಾಕದಿದ್ದರೆ ತನ್ನ ದುಂಡನೆಯ ನಾಲ್ಕು, ಸುಳ್ಳಿನ ನಾಲ್ಕು, ಪುಸ್ತಕದಲ್ಲಿ ಅಚ್ಚಾಗಿ ಕೂರುತ್ತದೆ.

ಸೋಮವಾರ ಬೆಳಗ್ಗೆ ಮಧುಶ್ರೀ ಚಪ್ಪಲಿ ಬಿಟ್ಟು ಮೆಟ್ಟಿಲಿಳಿಯುವಾಗ ಗುರುಮಲ್ಲಮ್ಮ ಕೆಳಗಿನ ಮೆಟ್ಟಿಲಿನಲ್ಲಿ ನಿಂತಿದ್ದಳು. ದೊಡ್ಡಸಿದ್ದಯ್ಯ ಹರಿಗೋಲು ಬೋರಲು ಹಾಕಿ ಟಾರು ಬಳಿಯುತ್ತಿದ್ದನು.

"ನಾಕನೇದ ನಾನು ತಗ್ದಿಲ್ಲ ಕಣವ್ವ," ಅಂದಳು. "ಒಂದ್ ದಿನಾನೂ ತಗ್ದಿಲ್ಲ. ಅರವತ್ನಾಕು ಆದೊ. ಅಷ್ಟೂ ಮೂರನೇದ್ರವೇ."

ಹುಡುಗಿಗೆ ಮೊದಲು ತಿಳಿಯಲಿಲ್ಲ. ತಿಳಿದಾಗ ಮುಖ ಬಿಳಚಿಕೊಂಡಿತು. ಯಾಕಮ್ಮ ಎಂದು ಎರಡು ಸಲ ಕೇಳಿದಳು. ಗಂಡನ ಹೆಸರು ಹೇಳುವ ರೂಢಿ ಗುರುಮಲ್ಲಮ್ಮನಿಗಿರಲಿಲ್ಲ, ಹೆಸರಿಲ್ಲದೆ ಹೇಳುವುದು ಹೇಗೆಂದು ಗೊತ್ತಾಗಲಿಲ್ಲ.

ಹರಿಗೋಲಿನ ಹಿಂದಿನಿಂದ ದೊಡ್ಡಸಿದ್ದಯ್ಯ ಹೇಳಿದನು. "ಅವ್ರ ಯಜಮಾನ್ರು ಒಳೇಲಿ ಓದ್ರು ಕಣವ್ವ. ಸಿದ್ದಮಲ್ಲಪ್ಪೋರು. ನೀನು ಗೂಟ ಒಡ್ದಿದ್ದೀಯಲ್ಲ, ಟವಲ್ ಸಿಕ್ಕಿದ್ದು ಅಲ್ಲಿ."

ಮಧುಶ್ರೀ ಮೆಟ್ಟಿಲಿನ ಮೇಲೆ ಕುಳಿತುಬಿಟ್ಟಳು. ಎಮ್ಮೆಯ ಮಾತು ಅವಳಿಗೆ ಆಗ ನೆನಪಾಗಿರಬೇಕು. ಒಂದು ಸಲ ತಲೆ ಎತ್ತಿ ಗುರುಮಲ್ಲಮ್ಮನನ್ನು ನೋಡಿ ಮತ್ತೆ ತಗ್ಗಿಸಿದಳು. ಕೊನೆಗೆ, ಆ ಗೂಟ ಕಿತ್ತುಹಾಕುತ್ತೇನೆ, ನಾಲ್ಕನೆಯದನ್ನು ಬಿಟ್ಟು ಮೂರರಲ್ಲೇ ಏನಾದರೂ ಬರೆಯುತ್ತೇನೆ, ಎಂಟು ತಿಂಗಳು ಹೋದರೆ ಹೋಯಿತು ಅಂದಳು. ಬಾಯಿ ಹಾಗೆ ಅಂದಿತು. ಕೈಯಲ್ಲಿದ್ದ ಚೀಟಿಯ ಹಾಳೆ ಮುದ್ದೆಯಾಗಿತ್ತು.

"ಬ್ಯಾಡ," ಅಂದಳು ಗುರುಮಲ್ಲಮ್ಮ. "ಗೂಟ ಅಲ್ಲೇ ಇರ್ಲಿ. ಸಿರಿಂಜು ಕೊಡು."

ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಮೆಟ್ಟಿಲಿನಿಂದ ಎಡಕ್ಕೆ ಒಂಬತ್ತು ಹೆಜ್ಜೆ. ಹೊನಗೊನ್ನೆಯ ಬಳ್ಳಿ ಕಾಲಿಗೆ ತೊಡರಿತು, ಬಿಡಿಸಿಕೊಂಡಳು. ಮೊದಲ ಹೆಜ್ಜೆಗೆ ಗೋಡು ಹಿಮ್ಮಡಿ ಮುಚ್ಚಿತು, ಎರಡನೆಯದಕ್ಕೆ ಮೀನಖಂಡ, ಮೂರನೆಯದಕ್ಕೆ ಮೊಣಕಾಲು. ತಣ್ಣಗಿತ್ತು. ಅಡಿಯಿಂದ ಕೊಳೆತ ಮೊಟ್ಟೆಯ ವಾಸನೆ ಎದ್ದು ಬಂತು. ಗೂಟದ ಬುಡದಲ್ಲಿ ಚಿನ್ನದ ಪೊರೆ ಬೇರೆಲ್ಲೂ ಇಲ್ಲದಷ್ಟು ದಪ್ಪಗೆ ಹಾಸಿತ್ತು.

ಸಿರಿಂಜು ಎರಡು ಬೆರಳು ಇಳಿಯಿತು, ಅಲುಗದೆ ಬಂತು. ಮುಚ್ಚಳ ಹಾಕಿ ಸೆರಗಿಗೆ ಕಟ್ಟಿಕೊಂಡಳು. ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ಅವಳು ಬಗ್ಗಿದವಳು ಏಳಲಿಲ್ಲ. ಬರಿಗೈಯನ್ನು ಗೋಡಿಗೆ ಇಳಿಸಿದಳು. ಮಣಿಕಟ್ಟಿನ ತನಕ, ಮೊಣಕೈಯ ತನಕ. ಮೇಲೆ ಬೂದು, ಕೆಳಗೆ ಕರಿ, ಇನ್ನೂ ಕೆಳಗೆ ಬೆಣ್ಣೆಯಂತೆ. ಎಡಕ್ಕೆ ಆಡಿಸಿದಳು, ಬಲಕ್ಕೆ ಆಡಿಸಿದಳು. ಬೆರಳಿಗೆ ಗಟ್ಟಿಯಾದದ್ದು ತಗುಲಿತು. ದುಂಡಗೆ, ನುಣ್ಣಗೆ, ಅಂಗೈಗೆ ಸರಿಯಾಗಿ.

ಅವಳ ತೋಳು ಅಲ್ಲೇ ನಿಂತದ್ದು ದಡದಲ್ಲಿದ್ದ ಇಬ್ಬರಿಗೂ ಕಂಡಿತು. ಮಧುಶ್ರೀ ಎದ್ದು ನಿಂತಳು.

ಕೈ ಮೇಲೆ ಬಂತು. ಅದೊಂದು ಕಪ್ಪೆಚಿಪ್ಪು. ಒಳಗೆ ಏನೂ ಇರಲಿಲ್ಲ, ಬೆಳ್ಳಿಯಂತೆ ಹೊಳೆಯುತ್ತಿತ್ತು. ಗುರುಮಲ್ಲಮ್ಮ ಅದನ್ನು ನೋಡಿ, ತೆಗೆದ ಜಾಗದಲ್ಲೇ ಒತ್ತಿ ಇಟ್ಟಳು.

"ಇಲ್ಲ," ಅಂದಳು. ಯಾರಿಗೆ ಹೇಳಿದಳೋ.

"ಇರಾಕಿಲ್ಲ ಅಮ್ಮಾವ್ರೆ," ಅಂದನು ದೊಡ್ಡಸಿದ್ದಯ್ಯ. ಟಾರಿನ ಡಬ್ಬ ಪಕ್ಕಕ್ಕಿಟ್ಟಿದ್ದನು. "ಆ ಮೂರ್ ದಿನ ಈ ತಗ್ಗಲ್ಲೇ ಎಷ್ಟ್ ಕಿತ ಕೊಕ್ಕೆ ಆಕಿವ್ನಿ. ಟವಲ್ ಸಿಕ್ಕಾಕಂಡ್ರೆ ಆಳೂ ಅಲ್ಲೇ ಇರ್ಬೇಕಾ? ಆ ನೀರ್ನಲ್ಲಿ ನರಸೀಪುರ ದಾಟ್ಬುಟ್ಟಿರ್ತಾರೆ."

"ಅವತ್ತೇ ಯಾಕ್ ಏಳ್ನಿಲ್ಲ?"

"ನೀವು ಕೇಳ್ನಿಲ್ಲ. ದಿನಾ ಮೆಟ್ಲ್ ಮೇಲೆ ನಿಂತ್ಕಂಡು ಈ ಕಡೀಕೆ ನೋಡೋರು. ನೋಡಕ್ಕಾರ ಒಂದ್ ಜಾಗ ಬೇಕಲ್ಲ ಅಂತ ಸುಮ್ಗಾದೆ."

ಗುರುಮಲ್ಲಮ್ಮ ಗೋಡಿನಲ್ಲಿ ನಿಂತೇ ಇದ್ದಳು. ಹತ್ತೊಂಬತ್ತು ವರ್ಷ ಒಂದು ಕಡೆ ಇದ್ದವನು ಈಗ ಎಲ್ಲೂ ಇರಲಿಲ್ಲ. ಹೊಳೆ ಹರಿಯುವುದು ಎಷ್ಟು ದೂರವೋ ಅಷ್ಟು ದೂರವೂ ಇದ್ದನು. ಸಂಗಮದಲ್ಲಿ ಮಡಕೆಯ ಚೂರಿನ ಪಕ್ಕ ಕಂಡ ಪೊರೆ ಅವಳ ಕಣ್ಣ ಮುಂದೆ ಬಂತು. ಮಧುಶ್ರೀ ಕೈ ನೀಡಿ ಅವಳನ್ನು ಮೇಲಕ್ಕೆ ಎಳೆದುಕೊಂಡಳು. ಅವಳ ಕೈಯೂ ಕೆಸರಾಯಿತು.

ಆ ಗುರುವಾರ, ಮತ್ತೆ ಸೋಮವಾರ, ಮತ್ತೆ ಗುರುವಾರ ಗುರುಮಲ್ಲಮ್ಮ ನಾಲ್ಕನೆಯದನ್ನು ನಾಲ್ಕರಿಂದಲೇ ತೆಗೆದಳು. ತಗ್ಗಿನಲ್ಲಿ ತಿನ್ನುವ ಜೀವಗಳು ಎರಡರಷ್ಟಲ್ಲ, ಮೂರರಷ್ಟು ಇವೆ ಎಂದು ಮಧುಶ್ರೀ ಫೋನಿನಲ್ಲಿ ಹೇಳಿದಳು. ಹಳೆಯ ಅರವತ್ತನಾಲ್ಕನ್ನು ಎಸೆದಳಂತೆ. ಮೇಷ್ಟ್ರು ಬೈದರಂತೆ. ನೀರು ಇಳಿದ ಮೇಲೆ ಕಾರ್ತಿಕಕ್ಕೆ ಮತ್ತೆ ಬರಬೇಕು, ಇನ್ನೊಂದು ವರ್ಷ ಹಿಡಿಯುತ್ತದೆ, ನೀವೇ ತೆಗೆಯಬೇಕು ಅಂದಳು. ಅದನ್ನು ಹೇಳುವಾಗ ಅವಳ ದನಿಯಲ್ಲಿ ಇನ್ನೂ ಸ್ವಲ್ಪ ಸಿಟ್ಟು ಇತ್ತು. ಗುರುಮಲ್ಲಮ್ಮನಿಗೆ ಅದು ಸರಿ ಅನ್ನಿಸಿತು.

ಕೊನೆಯ ಗುರುವಾರ ಅವಳು ಒಂದು ಬೋಗುಣಿಯಲ್ಲಿ ನಾಲ್ಕನೇ ಗೂಟದ ಗೋಡನ್ನು, ಮೇಲಿನ ಪೊರೆ ಕದಡದಂತೆ, ಮನೆಗೆ ತಂದಳು. ಕಿಟಕಿಯಿಲ್ಲದ ಒಳಮನೆಯಲ್ಲಿಟ್ಟು ಮೇಲೆ ಕುಕ್ಕೆ ಮುಚ್ಚಿದಳು. ಶುಕ್ರವಾರ ಬೆಳಗ್ಗೆ ಬ್ಯಾಟರಿ ಬಿಟ್ಟು ನೋಡಿದಳು. ಪೊರೆ ಎದ್ದಿತ್ತು. ಮಧ್ಯಾಹ್ನ ಕಳೆದು ನೋಡಿದಳು, ಇಳಿದಿತ್ತು. ಹೊರಗೆ ಹೋಗಿ ನಿಂತರೆ ಹೊಳೆ ಏರುತ್ತಿತ್ತು. ಶನಿವಾರವೂ ಹಾಗೇ. ಭಾನುವಾರ ಬೆಳಗ್ಗೆ ಪೊರೆ ತೆಳ್ಳಗಾಗಿತ್ತು, ಆದರೂ ಇತ್ತು. ಸೋಮವಾರ ಎಷ್ಟು ಹೊತ್ತು ಬ್ಯಾಟರಿ ಬಿಟ್ಟರೂ ಬೂದು ಬಣ್ಣವೇ. ಅವಳು ಮಧ್ಯಾಹ್ನದ ತನಕ ಕುಕ್ಕೆಯ ಪಕ್ಕದಲ್ಲಿ ಕೂತು ಕಾದಳು. ಏನೂ ಬರಲಿಲ್ಲ, ಏನೂ ಹೋಗಲಿಲ್ಲ.

ಆಗ ಎದ್ದು ಮೈದುನನನ್ನು ಕರೆದು, ಅತ್ತೆಯ ಪಕ್ಕದ ಗುಂಡಿ ತೆಗಿ ಅಂದಳು.

ಪುಟ್ಟಬಸವಯ್ಯ ಬೋಗುಣಿಯನ್ನು ನೋಡಿದನು, ಅವಳನ್ನು ನೋಡಿದನು. "ಅತ್ಗೆ, ಇದ್ರಲ್ಲಿ ಅಣ್ಣ..."

"ಇಲ್ಲ ಕಣಪ್ಪ. ಅವ್ರಿಲ್ಲ ಇದ್ರಲ್ಲಿ, ಗೊತ್ತು. ನಾನಿದ್ದೆ."

ಅವನು ಗುದ್ದಲಿ ತಂದನು. ಹಳೆಯ ಗುಂಡಿಯ ಮಣ್ಣು ಸಡಿಲವಾಗಿತ್ತು, ಬೇಗ ಬಂತು. ಗುರುಮಲ್ಲಮ್ಮ ಹುಣಸೆಯ ನೆರಳಲ್ಲಿ ಕೂತು ಪೆಟ್ಟಿಗೆಯ ತಳದಲ್ಲಿದ್ದ ಟವಲನ್ನು ಬಿಚ್ಚಿದಳು. ಎಲೆಅಡಿಕೆಯ ಗಂಟು ಕಲ್ಲಿನಂತಾಗಿತ್ತು, ಅದನ್ನು ಬಿಚ್ಚಲಿಲ್ಲ. ಗೋಡನ್ನು ಟವಲಿನ ನಡುವೆ ಸುರಿದು ನಾಲ್ಕೂ ತುದಿ ಸೇರಿಸಿದಳು. ವಿಭೂತಿ ಇಟ್ಟಳು, ಪತ್ರೆ ಇಟ್ಟಳು. ಅಂಗೈಯಲ್ಲಿಡಲು ಲಿಂಗವಿರಲಿಲ್ಲ. ಅದು ಕಲ್ಲು, ಅದನ್ನು ಯಾರೂ ತಿನ್ನುವುದಿಲ್ಲ; ಎಲ್ಲಿದೆಯೋ ಅಲ್ಲಿ ಅವನ ಹತ್ತಿರವೇ ಇದೆ. ಮೈದುನ ಮಣ್ಣು ಎಳೆದನು. ಅವಳು ಮೂರು ಹಿಡಿ ಹಾಕಿದಳು. ಮೂರೂ ಒಂದೇ ಅಳತೆ.

ಅವತ್ತು ಸಂಜೆ ಹಂಡೆಗೆ ನೀರು ಹಾಕಿದಳು. ಹೆಚ್ಚಿನ ಚೊಂಬೂ ಬಿತ್ತು. ಬಿದ್ದ ಮೇಲೆ ಗೊತ್ತಾಯಿತು. ಮಂಗಳವಾರವೂ ಬಿತ್ತು, ಬುಧವಾರವೂ ಬಿತ್ತು. ಗುರುವಾರ ಮೇಲೆ ಗೇಟು ಎತ್ತಿದರು ಎಂದು ಸುದ್ದಿ ಬಂತು. ಅವಳು ಮೆಟ್ಟಿಲಿಗೆ ಹೋಗಿ ನಿಂತಳು. ನೀರು ಕೆಂಪಗೆ ಬರುತ್ತಿತ್ತು. ಮೊದಲು ಒಂದನೇ ಗೂಟ ಹೋಯಿತು, ಆಮೇಲೆ ಎರಡು. ದಿಣ್ಣೆಯ ಮೂರು ಸ್ವಲ್ಪ ತಡೆಯಿತು. ತಗ್ಗಿನದು ಯಾವಾಗ ಮುಳುಗಿತೋ ಅವಳಿಗೆ ಕಾಣಲಿಲ್ಲ, ಆ ಹೊತ್ತಿಗೆ ಅವಳು ಕೆಳಗೆ, ನರಸೀಪುರದ ಕಡೆಗೆ, ನೀರು ಹೋಗುವ ಕಡೆಗೆ ನೋಡುತ್ತಿದ್ದಳು.

ಮನೆಗೆ ಬಂದು ಹಂಡೆಗೆ ನೀರು ಹಾಕಿದಳು. ಚೊಂಬು ಕೈಯಲ್ಲೇ ಉಳಿಯಿತು. ಓರಗಿತ್ತಿ ಒಲೆಗೆ ಸೌದೆ ತಳ್ಳುತ್ತಾ, ಇಷ್ಟೇ ಸಾಕಾ ಅಕ್ಕ ಎಂದು ಕೇಳಿದಳು. ಗುರುಮಲ್ಲಮ್ಮ ಹಂಡೆಯೊಳಗೆ ಬಗ್ಗಿ ನೋಡಿದಳು, ಒಮ್ಮೆ ಹಿತ್ತಲ ಬಾಗಿಲ ಕಡೆ ನೋಡಿದಳು, ಸಾಕು ಅಂದಳು.